ಜೊಸೆಟಳ ಕಾರಿನಲ್ಲಿ ಕಾಣದ ಹಳದಿ ಜಾಕೆಟ್

ಫ್ರಾನ್ಸಿನ ನಮ್ಮ ಕ್ರೂಜ್ ಸೀಮೆಯಲ್ಲಿ ಪವಾಡಗಳು ಅಪರೂಪ. ಇದ್ದದ್ದೊಂದೇ, ನರ್ಸ್ ಜೊಸೆಟಳ ಕಾರು. ಗುಡ್ಡದ ನೆತ್ತಿ ಮುಟ್ಟಿದೊಡನೆ ಅವಳು ಎಂಜಿನ್ ಆರಿಸುವಳು. ಅಲ್ಲಿಂದ ಕೆಳಗಿನ ಸೇತುವೆಯವರೆಗೆ ಆ ಕಾರು ಹನಿ ಡೀಸೆಲ್ ಮುಟ್ಟದೆ, ಉಪವಾಸದ ಸನ್ಯಾಸಿನಿಯಂತೆ ಸದ್ದಿಲ್ಲದೆ ಇಳಿದು ಬರುವುದು. ಅದನ್ನು ಕಂಡು ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರೆಂದೂ ಹಸುಗಳು ಮೆಲುಕು ನಿಲ್ಲಿಸಿದವೆಂದೂ ಪ್ರತೀತಿ. ಹಸುಗಳ ಮಟ್ಟಿಗೆ ನಾನೇ ಸಾಕ್ಷಿ.

ಇಪ್ಪತ್ತಾರು ವರ್ಷ ಅವಳು ಮನೆಮನೆಗೆ ಹೋಗಿ ಸೂಜಿ ಚುಚ್ಚಿದ್ದಾಳೆ, ಗಾಯ ಕಟ್ಟಿದ್ದಾಳೆ, ಸತ್ತವರ ಕಣ್ಣು ಮುಚ್ಚಿದ್ದಾಳೆ. ದಿನಕ್ಕೆ ನೂರನಾಲ್ವತ್ತು ಕಿಲೋಮೀಟರ್. ರೈಲು ಎಂದೋ ನಿಂತಿತ್ತು, ಆಮೇಲೆ ಬಸ್ಸೂ ನಿಂತಿತು. ಡೀಸೆಲ್ ಕಾರು ಕೊಳ್ಳುವುದೇ ಜಾಣತನ ಎಂದು ಸರ್ಕಾರದ ದೊಡ್ಡವರು ಹೇಳಿದ ಕಾಲದಲ್ಲಿ ಅವಳು ಅದನ್ನು ಕೊಂಡಿದ್ದಳು. ಈಗ ಅದೇ ದೊಡ್ಡವರು, ಡೀಸೆಲ್ಲಿನಿಂದ ಭೂಮಿ ಬೇಯುತ್ತಿದೆ, ತೆರಿಗೆ ಏರಿಸುತ್ತೇವೆ ಎಂದರು.

ಆ ನವೆಂಬರಿನಲ್ಲಿ ತೆರಿಗೆಯ ವಿರುದ್ಧ ನಾವು ಊರಾಚೆಯ ರಸ್ತೆ ವೃತ್ತವನ್ನು ಹಿಡಿದು ಕೂತೆವು. ಹಲಗೆ ಸುಟ್ಟು ಚಳಿ ಕಾಯಿಸಿಕೊಂಡೆವು, ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿದೆವು. ಕಾರು ಕೆಟ್ಟು ನಿಂತರೆ ತೊಡಲೆಂದು ಪ್ರತಿ ಕಾರಿನಲ್ಲೂ ಒಂದು ಹಳದಿ ಜಾಕೆಟ್ ಇರಲೇಬೇಕೆಂಬುದು ಕಾನೂನು. ಅದೇ ನಮ್ಮ ಬಾವುಟವಾಯಿತು. ಮುಂದಿನ ಗಾಜಿನ ಹಿಂದೆ ಅದನ್ನು ಹರವಿದವರು ನಮ್ಮವರು, ಅವರಿಗೆ ದಾರಿ.

ಜೊಸೆಟಳ ಗಾಜು ಮಾತ್ರ ಬರಿದು. ಆ ಬರಿ ಗಾಜಿನ ಮೇಲೆ ನಾವು ಮೂರು ದಿನ ಪುರಾಣ ಬರೆದೆವು. ಅವಳು ತೆರಿಗೆಯ ಪರ ಎಂದ ನಿವೃತ್ತ ಮೇಷ್ಟ್ರು ರೆಜಿಸ್. ಮೌನವ್ರತ ಎಂದೆ ನಾನು. ಏನೇ ಆಗಲಿ ನರ್ಸಲ್ಲವೇ, ಬಿಟ್ಟೆವು.

ನಾಲ್ಕನೆಯ ಬೆಳಿಗ್ಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ದಿಮ್ಮಿಯ ಬಳಿ ಪಕ್ಕದ ಪಟ್ಟಣದಿಂದ ಬಂದ, ಜೊಸೆಟಳನ್ನು ಅರಿಯದ ಲುದೊವಿಕ್ ನಿಂತಿದ್ದ. ಅವಳ ಕಾರನ್ನು ತಡೆದ.

"ಜಾಕೆಟ್ ಎಲ್ಲಿ ಮೇಡಂ? ತೋರ್ಸಿ, ಹೋಗಿ."

"ದಿಮ್ಮಿ ತೆಗಿಯಪ್ಪ. ಅಶಿಲ್ ತಾತನಿಗೆ ಎಂಟಕ್ಕೆ ಇನ್ಸುಲಿನ್ ಕೊಡ್ಬೇಕು. ಈಗ್ಲೇ ಎಂಟೂಕಾಲು."

"ತಾತನ ಹೆಸರು ಹೇಳಿ ಎಲ್ರೂ ದಾಟ್ತಾರೆ. ನೀವು ತೆರಿಗೆ ಕಡೆಯೋರಾ, ನಮ್ಮ ಕಡೆಯೋರಾ?"

"ನಾನು ಹೇಳ್ಲಿಲ್ವಾ!" ಎಂದ ರೆಜಿಸ್, ಬೆಂಕಿಯ ಪಕ್ಕದಿಂದ ಏಳದೆಯೇ. "ಜೊಸೆಟ್, ಒಪ್ಕೊಂಡ್ಬಿಡು. ಭೂಮಿ ಬಿಸಿ ಆಗ್ತಿದೆ ಅಂತ ನಿಂಗೂ ಅನ್ಸುತ್ತೆ ತಾನೆ?"

"ಅನ್ಸೋದೇನು ಬಂತು ಮೇಷ್ಟ್ರೇ? ಎರಡು ಬೇಸಿಗೆಯಿಂದ ತಾತನ ಬಾವೀಲಿ ನೀರಿಲ್ಲ, ನಾನೇ ಕ್ಯಾನಲ್ಲಿ ಹೊರ್ತಿದೀನಿ. ಬಸ್ ಬಿಡ್ಲಿ, ನಾಳೇನೇ ಈ ಡಬ್ಬ ಗುಜರಿಗೆ ಹಾಕ್ತೀನಿ. ಬಸ್ಸೂ ಇಲ್ಲ, ಮೇಲೆ ತೆರಿಗೆ ಅಂದ್ರೆ, ತಾತ ಸಾಯ್ಬೇಕಾ?"

ಹಲಗೆ ಚಟಪಟ ಅಂದಿತು. ಇಷ್ಟು ದಿನ ನಾವು ಕೂಗಿದ್ದಕ್ಕಿಂತ ಚೆನ್ನಾಗಿ ಅವಳು ಹೇಳಿದ್ದಳು. ಅದಕ್ಕೇ ಅವಳ ಗಾಜು ಬರಿದಾಗಿರುವುದು ಇನ್ನೂ ಒಗಟಾಯಿತು. ಇದರ ಹಿಂದೆ ಯಾವುದೋ ಮಹಾ ತತ್ತ್ವವಿದೆಯೆಂದು ನನಗೆ ಖಾತ್ರಿಯಾಗಿ, ಟೋಪಿ ತೆಗೆದು ಕೇಳಿದೆ.

"ಹಾಗಿದ್ಮೇಲೆ ಜಾಕೆಟ್ ಯಾಕೆ ಇಟ್ಟಿಲ್ಲ, ಜೊಸೆಟ್?"

ಅವಳು ಗಡಿಯಾರ ನೋಡಿಕೊಂಡಳು.

"ಅಶಿಲ್ ತಾತ ಹಾಕ್ಕೊಂಡಿದಾನೆ. ತಡ ಆದ್ರೆ ನನ್ನ ಹುಡುಕ್ಕೊಂಡು ರಸ್ತೆ ಮಧ್ಯಕ್ಕೆ ಬಂದು ನಿಲ್ತಾನೆ. ಇಳಿಜಾರಲ್ಲಿ ನನ್ನ ಕಾರು ಸದ್ದು ಮಾಡಲ್ಲ. ಅವನು ನನ್ನ ಕಣ್ಣಿಗೆ ಕಾಣಬೇಕಲ್ಲ, ಇಲ್ಲಾಂದ್ರೆ ಗುದ್ದಿಬಿಟ್ಟೇನು. ತೆಗೀರಿ ದಿಮ್ಮಿ."