ಶಾಲೆಯಿಂದ ಬರುವ ಫೋನು

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಮೊಬೈಲು ಸದ್ದು ಮಾಡಿದರೆ ಸಾಕು, ಹೊಲಿಗೆ ಮಷಿನ್ನಿನ ಮೇಲಿದ್ದ ಕಾಲು ತಾನಾಗಿ ನಿಂತುಬಿಡುತ್ತಿತ್ತು. ಬ್ಲೌಸು ಆಯಿತೇ ಎಂದು ಕೇಳಲು ಯಾರಾದರೂ ಫೋನು ಮಾಡಿದ್ದರೆ ಅವರ ಮೇಲೆ ಸಿಡುಕುತ್ತಿದ್ದೆ, ಪಾಪ. ಶಾಲೆಯಿಂದ ಬಂದದ್ದಾಗಿದ್ದರೆ ಸಿಡುಕುವ ಧೈರ್ಯವೂ ಇರುತ್ತಿರಲಿಲ್ಲ.

"ಅಕ್ಕಾರ, ಲಗೂ ಬರ್ರಿ. ನಿಮ್ಮ ಹುಡುಗಿ ಮತ್ತ ಶುರು ಮಾಡ್ಯಾಳ."

ನನ್ನ ಮಗಳು ಆಗ ನಾಲ್ಕನೆಯ ತರಗತಿ. ಮಾತಾಡುವುದಿಲ್ಲ. ಆಟಿಸಂ ಎಂದು ಹಾವೇರಿಯ ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಮಾತಿಲ್ಲವೆಂದರೆ ಮನಸ್ಸೂ ಇಲ್ಲವೆಂದು ತಿಳಿದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಾಲೆಯೆಂದರೆ ಅವಳಿಗೆ ಪ್ರಾಣ. ಭಾನುವಾರ ಯೂನಿಫಾರ್ಮನ್ನು ಬಚ್ಚಿಡದಿದ್ದರೆ ಅದನ್ನೇ ತೊಟ್ಟು, ಬ್ಯಾಗು ಹೆಗಲಿಗೇರಿಸಿ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು.

ಅದರ ಹಿಂದಿನ ಬೇಸಿಗೆಯಲ್ಲಿ ನಾವು ಮನೆ ಬದಲಿಸಿ ಬ್ಯಾಡಗಿಯ ಮಾರ್ಕೆಟ್ ಯಾರ್ಡಿನ ಹತ್ತಿರ ಬಂದಿದ್ದೆವು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡನಿಗೆ ಅನುಕೂಲವಾಗಲೆಂದು. ಹೀಗಾಗಿ ಮಗಳ ಶಾಲೆಯೂ ಬದಲಾಯಿತು. ದೀಪಾವಳಿ ತನಕ ಹೊಸ ಶಾಲೆಯವರು ಅವಳನ್ನು ಚೆನ್ನಾಗಿಯೇ ನೋಡಿಕೊಂಡರು. ಆಮೇಲೆ ಆಗೊಮ್ಮೆ ಈಗೊಮ್ಮೆ ಇದು ಶುರುವಾಗಿ, ಸಂಕ್ರಾಂತಿಯ ನಂತರ ಹೆಚ್ಚಾಯಿತು. ಸುಮ್ಮನೆ ಕೂತವಳು ಇದ್ದಕ್ಕಿದ್ದಂತೆ ಎದ್ದು ಬೇರೆ ಮಕ್ಕಳ ಮುಖಕ್ಕೆ ಕೈ ಹಾಕುತ್ತಾಳೆ. ಒಂದು ಹುಡುಗಿಗೆ ಮೂಗಿನ ಹತ್ತಿರ ಉಗುರು ಗೀರಿ ರಕ್ತ ಬಂತು. ಅವಳ ಅಪ್ಪ ಅವ್ವ ಶಾಲೆಗೆ ಬಂದು ಗದ್ದಲ ಮಾಡಿ ಹೋದರು.

ಹೆಡ್‌ಮಾಸ್ತರರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳಾಡುವುದು ನನಗೆ ಸಲೀಸಾಗುತ್ತಿತ್ತು.

"ಅಕಿ ಮನ್ಯಾಗ ಇರ್ಲಿ ಬಿಡ್ರಿ," ಅಂದರು. "ವಿಶೇಷ ಶಿಕ್ಷಕರು ವಾರಕ್ಕೊಮ್ಮೆ ಮನೀಗೇ ಬಂದು ಕಲಸ್ತಾರ. ಹೆಸರು ನಮ್ಮ ಸಾಲ್ಯಾಗ ಇರ್ತೈತಿ. ಒಪ್ಪಿಗೆ ಅಂತ ನೀವೊಂದು ಸಹಿ ಮಾಡಿದ್ರ ಆತು."

"ಮನೀಗೆ ಬರೋ ಟೀಚರ್‌ಗೆ ಸಾಲೀಗೆ ಬರಾಕ ಏನ್ ಧಾಡೀರಿ, ಸರ್?"

ಅವರು ಪೆನ್ನಿನ ಟೋಪಿ ತೆಗೆದು ನನ್ನ ಕಡೆ ಸರಿಸಿದರು. ನಾನು ಮುಟ್ಟಲಿಲ್ಲ. ಮೋಟೆಬೆನ್ನೂರಿನಲ್ಲಿ ನನ್ನ ನಾದಿನಿಯ ಪಕ್ಕದ ಮನೆಯ ಹುಡುಗಿಗೆ ಹೀಗೆಯೇ ಮನೆಯಲ್ಲಿ ಕಲಿಸುವುದೆಂದು ಆಗಿ, ಬರಬರುತ್ತ ಟೀಚರು ಬರುವುದೇ ನಿಂತುಹೋಗಿತ್ತು. ಆ ಟೀಚರಿಗಾದರೂ ತಾಲ್ಲೂಕಿನ ತುಂಬ ಮಕ್ಕಳು, ಒಬ್ಬರೇ ಎಲ್ಲಿಗೆಂದು ಓಡಿಯಾರು? ಈಗ ಆ ಹುಡುಗಿ ಶಾಲೆಗೆ ಹೋಗುವವರನ್ನು ಕಿಟಕಿಯ ಸರಳು ಹಿಡಿದು ನೋಡುತ್ತ ನಿಲ್ಲುತ್ತಾಳೆ. ನನ್ನ ಮಗಳು ಯೂನಿಫಾರ್ಮ್ ತೊಟ್ಟು ಹೊಸ್ತಿಲ ಮೇಲೆ ಕೂತರೆ ದಿನಾ ಏನೆಂದು ಹೇಳಲಿ?

ಶನಿವಾರ ಮಧ್ಯಾಹ್ನ ಅವಳನ್ನು ರಾಣೇಬೆನ್ನೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಮಾತು ಕಲಿಸುವ ಒಬ್ಬ ಹೆಣ್ಣುಮಗಳಿದ್ದರು. "ಇಲ್ಲಿ ಒಮ್ಮೀನೂ ಯಾರ ಮುಖಕ್ಕೂ ಕೈ ಹಾಕಿಲ್ರೀ," ಎಂದು ಅವರು ಹೇಳಿದ್ದನ್ನು ಹೆಡ್‌ಮಾಸ್ತರರಿಗೆ ಹೇಳಿದೆ. "ಹಂಗಾದ್ರ ರಾಣೇಬೆನ್ನೂರಾಗ ಸಾಲಿ ನೋಡ್ರಲ್ಲ," ಅಂದರು.

ಗಂಡನಿಗೂ ಸಾಕಾಗಿತ್ತು. "ಸಹಿ ಮಾಡಿಬಿಡು. ದಿನಾ ಯಾರ ಜೋಡಿ ಅಂತ ಬಡದಾಡ್ತಿ?" ಅಂದರು. ಸಂಜೆ ಅವರು ಕಳಚಿದ, ಅಂಗಡಿಯ ಧೂಳು ಹತ್ತಿದ ಅಂಗಿಯನ್ನು ನಾನು ಬಕೆಟ್ಟಿಗೆ ಹಾಕಿದೆ. ಐರಣಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ಇಂಥ ಅಂಗಿ ಒಗೆಯಲು ಕೂತರೆ ಕೆಮ್ಮಿ ಕೆಮ್ಮಿ ಕಣ್ಣೀರು ಬರುತ್ತಿತ್ತು. "ಒಂದು ವರ್ಷ ತಡಿ, ರೂಢಿ ಆಗತೈತಿ," ಎಂದು ಅತ್ತೆ ನಕ್ಕಿದ್ದರು. ರೂಢಿಯಾಯಿತು. ಎಲ್ಲವೂ ಹೀಗೆ ರೂಢಿಯಾಗಿಬಿಡುತ್ತದೆ, ಇದೂ ಆದೀತು ಎಂದು ಗಂಡ ತಿಳಿದಿದ್ದರೋ ಏನೋ.

ಕಡೆಗೆ ಹಾವೇರಿಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ. ಬೆಂಚಿನಿಂದ ಬೆಂಚಿಗೆ ಕೂತು ಎದ್ದ ಮೇಲೆ, ಕೊನೆಗೆ ಒಬ್ಬ ಮೇಡಂ ನನ್ನ ಮಾತು ಪೂರ್ತಿ ಕೇಳಿದರು. "ನಾನ ಬರ್ತೇನಿ. ಇಬ್ಬರನ್ನೂ ಕುಂದ್ರಿಸಿ ಮಾತಾಡೂಣು. ಅಲ್ಲೀತನಕ ಸಹಿ ಮಾಡಬ್ಯಾಡ್ರಿ," ಅಂದರು. ಬಸ್ಸಿನಲ್ಲಿ ಬರುವಾಗ ಗೆದ್ದೆ ಅನ್ನಿಸಲೇ ಇಲ್ಲ. ಯಾರ ಮುಂದೆಯೂ ಹೇಳದ ಒಂದು ಹೆದರಿಕೆ ನನ್ನೊಳಗಿತ್ತು. ಹೆಡ್‌ಮಾಸ್ತರರು ಹೇಳುವುದೇ ನಿಜವಾಗಿದ್ದರೆ? ನನ್ನ ಮಗಳು ನಿಜವಾಗಿಯೂ ಮಕ್ಕಳಿಗೆ ನೋವು ಮಾಡುತ್ತಿದ್ದರೆ?

ಮೇಡಂ ಒಂದು ಸೋಮವಾರ ಬಂದರು. ಹೆಡ್‌ಮಾಸ್ತರರ ಕೋಣೆಯ ಕಿಟಕಿ ಯಾರ್ಡಿನ ರಸ್ತೆಗೆ ತೆರೆದಿತ್ತು. ಮಗಳು ನನ್ನ ಪಕ್ಕದಲ್ಲಿ ಅಂಗಿಯ ಕಾಲರನ್ನು ಮೂಗಿನ ಮೇಲೆಳೆದುಕೊಂಡು ಕೂತಿದ್ದಳು. ಮಾತು ಶುರುವಾಗುವ ಮೊದಲೇ ಮೇಡಂ ಸೀನಿದರು. ಮತ್ತೆ ಸೀನಿದರು. ಆಮೇಲೆ ಕೆಮ್ಮು ಹತ್ತಿತು, ಕಣ್ಣಿನಿಂದ ನೀರು ಇಳಿಯಿತು.

"ನೆಗಡಿ ಆಗೇತೇನ್ರಿ ಮೇಡಂ?" ಎಂದು ಹೆಡ್‌ಮಾಸ್ತರರು ನೀರು ಕೊಟ್ಟರು.

ಮಗಳು ಎದ್ದಳು. ನನಗೆ ಗೊತ್ತಾಗಿಹೋಯಿತು. ಅವಳ ಲಂಗ ಹಿಡಿಯಹೋದೆ, ಸಿಗಲಿಲ್ಲ. ನೆಟ್ಟಗೆ ಹೋದವಳೇ ಮೇಡಂ ಮುಖಕ್ಕೆ ಎರಡೂ ಕೈ ಹಾಕಿದಳು.

"ನೋಡ್ರಿ! ನಾ ಹೇಳಾಕತ್ತಿದ್ದು ಇದನ್ನ!" ಹೆಡ್‌ಮಾಸ್ತರರು ಕುರ್ಚಿ ಹಿಂದೆ ತಳ್ಳಿ ಎದ್ದುನಿಂತರು. ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಆದರೆ ಕೆಮ್ಮು ಕಡಿಮೆಯಾಗುವುದು ಕೇಳಿಸಿತು. ಕಣ್ಣು ತೆರೆದೆ. ಮೇಡಂ ಅವಳ ಕೈಗಳನ್ನು ಸರಿಸಿರಲಿಲ್ಲ. ಅವು ಮೂಗು ಬಾಯಿಯನ್ನು ಮುಚ್ಚಿ ಹಿಡಿದಿದ್ದವು. ಸ್ವಲ್ಪ ಹೊತ್ತಿಗೆ ಅವರೇ ಮೆಲ್ಲಗೆ ಕೈ ಬಿಡಿಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಸರ್, ಏನ್ ಘಾಟ್ ಐತ್ರೀ ಇಲ್ಲೆ! ನಿಮಗ್ಯಾರಿಗೂ ಹತ್ತಂಗಿಲ್ಲೇನು?"

"ಯಾವ ಘಾಟ್ರಿ?" ಅಂದರು ಹೆಡ್‌ಮಾಸ್ತರರು. ನಾನೂ ಮೂಗೆಳೆದು ನೋಡಿದೆ. ಏನೂ ಇಲ್ಲ. ಹೊರಗೆ ಮೆಣಸಿನಕಾಯಿ ಚೀಲದ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ಅವಳು ಯಾವ ದಿನ ಹೀಗೆ ಮಾಡುತ್ತಾಳೆ ಎಂದು ಮೇಡಂ ಕೇಳಿದರು. ಹೆಡ್‌ಮಾಸ್ತರರಿಗೆ ನೆನಪಾಗಲಿಲ್ಲ. ನನಗೆ ನೆನಪಾಯಿತು. ಫೋನು ಬಂದಾಗೆಲ್ಲ ನಾನು ಒಬ್ಬಳೇ ಓಡಿದ್ದೆ, ಯಾಕೆಂದರೆ ಆ ದಿನಗಳಲ್ಲಿ ಗಂಡ ಊಟಕ್ಕೂ ಮನೆಗೆ ಬರುತ್ತಿರಲಿಲ್ಲ. ಪ್ಯಾಟಿ ದಿನ, ಯಾರ್ಡಿನಲ್ಲಿ ಮೆಣಸಿನಕಾಯಿ ಹರಾಜಾಗುವ ದಿನ. ಸೋಮವಾರ, ಗುರುವಾರ. ದೀಪಾವಳಿಯ ನಂತರ ಬರತೊಡಗುವ ಮಾಲು ಸಂಕ್ರಾಂತಿಯ ಮೇಲೆ ತುಂಬಿ ಬರುವ ಕಾಲ. ಊರಿಗೆ ಊರೇ ಮರೆತ ಘಾಟು ಇವಳೊಬ್ಬಳಿಗೆ ದಿನವೂ ಹೊಸದು.

ಹೆಡ್‌ಮಾಸ್ತರರು ಹೋಗಿ ಕಿಟಕಿ ಮುಚ್ಚಿದರು. "ಗೀರಿಸ್ಕೊಂಡ ಹುಡುಗಿ ಗಳಗನಾಥದಿಂದ ಹೊಸದಾಗಿ ಬಂದಾಳ್ರಿ," ಅಂದರು. "ಬಾಳ ಕೆಮ್ಮತಿತ್ತು ಅದು." ಆಮೇಲೆ ನನ್ನ ಕಡೆ ನೋಡಿ, "ಆದ್ರ ಅಕ್ಕಾರ, ಉಗುರು ಹತ್ತಿದ್ದೂ ಖರೇನ ಅಲ್ಲೇನ್ರಿ?" ಅಂದರು. ಖರೆ ಎಂದು ಒಪ್ಪಿಕೊಂಡೆ.

ಪ್ಯಾಟಿ ದಿನ ಅವಳ ಇಡೀ ತರಗತಿ ರಸ್ತೆಯಿಂದ ದೂರದ ಹಿಂದಿನ ಕೋಣೆಯಲ್ಲಿ ಕೂರುವುದು, ಉಗುರು ನಾನು ನೋಡಿಕೊಳ್ಳುವುದು, ವಿಶೇಷ ಶಿಕ್ಷಕರು ಶಾಲೆಗೇ ಬರುವುದು ಎಂದಾಯಿತು. ಪರೀಕ್ಷೆ ಮುಗಿಯುವವರೆಗೆ ನೋಡೋಣ ಎಂದರು. ಒಪ್ಪಿಗೆ ಪತ್ರವನ್ನು ಹೆಡ್‌ಮಾಸ್ತರರು ಹರಿಯಲಿಲ್ಲ. ಮಡಚಿ ಡ್ರಾವರಿನಲ್ಲಿಟ್ಟರು.

ಅದು ಇಂದಿಗೂ ಅಲ್ಲೇ ಇರಬೇಕು. ಮಗಳು ಈಗ ಐದನೆಯ ತರಗತಿ. ಈ ಶಾಲೆ ಐದರವರೆಗೆ ಮಾತ್ರ. ಮುಂದಿನ ವರ್ಷ ಬೇರೆ ಶಾಲೆ, ಬೇರೆ ಹೆಡ್‌ಮಾಸ್ತರರು, ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕು. ಅಲ್ಲಿಯ ಕೋಣೆಯಲ್ಲಿ ಯಾರೂ ಸೀನದಿದ್ದರೆ?

ಮೊನ್ನೆ ಗುರುವಾರ ಅವಳನ್ನು ಕರೆದುಕೊಂಡು ಯಾರ್ಡಿನ ರಸ್ತೆಯಲ್ಲಿ ಬರುತ್ತಿದ್ದೆ. ಅರ್ಧ ದಾರಿಯಲ್ಲಿ ನಿಂತು ನನ್ನ ಸೆರಗು ಜಗ್ಗಿದಳು. ತನ್ನ ಮೂಗಿಗೆ ಹಿಡಿದುಕೊಳ್ಳುತ್ತಾಳೆ ಅಂದುಕೊಂಡೆ. ತುದಿಗಾಲಲ್ಲಿ ನಿಂತು ಅದನ್ನು ನನ್ನ ಮೂಗಿಗೆ ಒತ್ತಿದಳು. ನನಗೆ ಯಾವ ಘಾಟೂ ಹತ್ತಿರಲಿಲ್ಲ. ಮನೆ ಬರುವವರೆಗೂ ಹಾಗೆಯೇ ಮುಚ್ಚಿಕೊಂಡು ನಡೆದೆ.