ಬಾಗಿಲಿಗಿಟ್ಟ ಗುಂಡುಕಲ್ಲು

ಅತ್ತಾವರದ ನಮ್ಮ ಬಾಡಿಗೆ ಮನೆಯ ಮಲಗುವ ಕೋಣೆಯ ಬಾಗಿಲನ್ನು ಈಗ ಅರೆಯುವ ಕಲ್ಲಿನ ಗುಂಡೊಂದು ಕಾಯುತ್ತಿದೆ. ಮಿಕ್ಸಿ ಬಂದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಅದನ್ನು ಕಳೆದ ಮಳೆಗಾಲದಲ್ಲಿ ನಾನೇ ಉರುಳಿಸಿಕೊಂಡು ಬಂದು, ಗಾಳಿಗೆ ಬಾಗಿಲು ಮುಚ್ಚಿಕೊಳ್ಳದಂತೆ ಒತ್ತಿಟ್ಟೆ. ನನ್ನ ಗಂಡ ಒಮ್ಮೆ ಕಾಲಬೆರಳು ಜಜ್ಜಿಸಿಕೊಂಡು, "ಇದು ಎಂತಕ್ಕೆ ಮಾರಾಯ್ತಿ ಇಲ್ಲಿ?" ಎಂದರು, ಆಮೇಲೆ ಅವರೇ ನೆನಪಿಸಿಕೊಂಡು ಅದನ್ನು ಇದ್ದಲ್ಲಿಗೇ ಸರಿಸಿದರು. ನಮ್ಮಲ್ಲಿಗೆ ಬಂದರೆ ನೀವೂ ಎಡವುವುದು ಖಂಡಿತ. ಆದ್ದರಿಂದ ಅದರ ಕಥೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ದೊಡ್ಡಮ್ಮನ ಮಗ ಪ್ರಜ್ವಲನಿಗೆ, ಶುಭಕಾರ್ಯ ನಡೆಸದ ಆಟಿ ತಿಂಗಳು ಹಿಡಿಯುವ ಮೊದಲೇ ಮದುವೆ ಎಂದು ನಿಶ್ಚಯವಾಗಿತ್ತು. ಕಡಲಿಗೆ ಹೋಗುವ ಮನೆತನ ನಮ್ಮದು. ದೊಡ್ಡಮ್ಮ ಬಂದರಿನಲ್ಲಿ ಮಣೆ ಹಾಕಿ ಕುಳಿತು ಮೀನು ಮಾರಿದವರು, ಅವರ ತಮ್ಮ ಶೇಖರ ಮಾವನಿಗೆ ಅಲ್ಲೇ ಮೀನಿನ ಗೋದಾಮು ಇದೆ. ಹುಡುಗಿ ರಕ್ಷಿತಾ ಪಂಪ್‌ವೆಲ್ಲಿನ ಆಚೆಯವಳು, ಬೇಸಾಯದ ಮನೆಯವಳು. ಅವರ ಗದ್ದೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿಗಳಿವೆ. ಬೆಳಿಗ್ಗೆ ಧಾರೆ, ಸಂಜೆ ರಿಸೆಪ್ಶನ್, ರಿಸೆಪ್ಶನ್ನಿನಲ್ಲಿ ಜೋಡಿಯ ಮೊದಲ ಡ್ಯಾನ್ಸ್ ಎಂದು ಹುಡುಗ ಹುಡುಗಿ ತಾವೇ ತೀರ್ಮಾನಿಸಿದ್ದರು. ಕ್ರೈಸ್ತ ನೆರೆಮನೆಗಳ ಮದುವೆಗಳಲ್ಲಿ ಉಂಡು, ವಧೂವರರು ಕುಣಿಯುವುದನ್ನು ನೋಡಿ ಕೈತಟ್ಟಿ ಬಂದವರೇ ನಾವೆಲ್ಲ. ನಮ್ಮ ಮನೆಗೇ ಅದು ಬರುತ್ತದೆ ಎಂದು ಮಾತ್ರ ಯಾರೂ ಎಣಿಸಿರಲಿಲ್ಲ.

"ಎಲ್ಲರ ಎದುರು ಹೆಂಡತಿಯ ಸೊಂಟ ಹಿಡಿಯುದಾ? ನಾಚಿಕೆ ಇಲ್ವನಾ ನಿಂಗೆ?" ಎಂದರು ದೊಡ್ಡಮ್ಮ.

"ನಾಚಿಕೆ ಉಂಟಮ್ಮ. ಅದಕ್ಕೇ ಪ್ರಾಕ್ಟೀಸ್ ಮಾಡುದು," ಎಂದ ಪ್ರಜ್ವಲ್.

ಮಾಡುವುದೇ ಆದರೆ ಸರಿಯಾಗಿ ಮಾಡಲಿ ಎಂಬ ಹಟವೋ, ಮಗನ ಸಂತೋಷವನ್ನು ಹತ್ತಿರದಿಂದ ನೋಡುವ ಆಸೆಯೋ, ಮರುದಿನದಿಂದ ದೊಡ್ಡಮ್ಮನೇ ಅಭ್ಯಾಸದ ಮೇಲ್ವಿಚಾರಣೆಗೆ ನಿಂತರು. ನಿಂತರು ಎಂದದ್ದು ತಪ್ಪು, ಕುಳಿತರು. ಕುರ್ಚಿ ಕೊಟ್ಟರೆ "ಕಾಲು ಊದಿಕೊಳ್ತದೆ" ಎಂದು ದೂಡಿ, ಮಾರುಕಟ್ಟೆಯ ಅದೇ ಗಿಡ್ಡ ಮಣೆಯನ್ನು ನೆಲಕ್ಕೆ ಹಾಕಿ ಕುಳಿತು, ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದರು. ಹಾಡು ಇಂಗ್ಲಿಷಿನದು, ತಾಳ ಮಾತ್ರ ಭಜನೆಯದು. ನಡುನಡುವೆ, "ಬಂಗುಡೆ ಬುಟ್ಟಿ ಹೊತ್ತವನ ಹಾಗೆ ನಡೀತಾನೆ ನೋಡು!" ಎಂದು ಮಗನನ್ನು ಚುಚ್ಚುವುದೂ ಇತ್ತು.

ಮೀನುಗಾರಿಕೆಗೆ ರಜೆಯ ಕಾಲವಾದ್ದರಿಂದ ದೋಣಿಗಳು ದಡದಲ್ಲಿದ್ದವು, ಗೋದಾಮು ಖಾಲಿ. ಅದರೊಳಗಿನ ತಂಪುಕೋಣೆಯನ್ನು ತೊಳೆದು, ಯಂತ್ರ ನಿಲ್ಲಿಸಿ, ಮಾವ ಇವರಿಗೆ ಬಿಟ್ಟುಕೊಟ್ಟಿದ್ದರು. ಹೊರಗೆ ಬಿಡದ ಮಳೆ. ಒಳಗೆ ಥರ್ಮೋಕೋಲಿನ ದಪ್ಪ ಗೋಡೆಗಳ ನಡುವೆ ಹಾಡು ಚೆನ್ನಾಗಿ ಕೇಳುತ್ತಿತ್ತು. ಆ ಕೋಣೆಗೆ ಒಂದೇ ಬಾಗಿಲು, ಹಲಗೆಯ ಮೇಲೆ ತಗಡು ಹೊದಿಸಿದ ಭಾರದ ಬಾಗಿಲು. ಐಸಿನೊಂದಿಗೆ ಬಾಳುವ ನಮ್ಮವರಿಗೆ ಒಂದು ಅಭ್ಯಾಸವಿದೆ: ಒಳಗೆ ಹೋದ ಕೂಡಲೇ ಹಿಂದೆ ತಿರುಗದೆ ಹಿಮ್ಮಡಿಯಿಂದಲೇ ಬಾಗಿಲು ಮುಚ್ಚುವುದು. ತಂಪು ಹೊರಗೆ ಹೋದರೆ ಮೀನು ಹೋಯಿತು, ಮೀನು ಹೋದರೆ ಅನ್ನ ಹೋಯಿತು. ಗದ್ದೆಯ ಮನೆಯ ರಕ್ಷಿತಾಳಿಗೆ ಇದು ಹೊಸದು. ಬಂದಾಗಲೆಲ್ಲ ಬಾಗಿಲು ತೆರೆದೇ ಬಿಡುವವಳು, ದೊಡ್ಡಮ್ಮನಿಂದ ಹೇಳಿಸಿಕೊಳ್ಳುವವಳು: "ಬಾಗಿಲು ಮುಚ್ಚು ಮಗಾ, ತಂಪು ಹೋಗ್ತದೆ." ಯಂತ್ರ ನಿಂತ ಕೋಣೆಯಲ್ಲಿ ಯಾವ ತಂಪು ಎಂದು ಅವಳು ಕೇಳಲಿಲ್ಲ, ನಾವೂ ಯೋಚಿಸಲಿಲ್ಲ.

ಮದುವೆಗಳಲ್ಲಿ ಈಗ ಜೋಡಿಯ ಕಾಲಬುಡದಲ್ಲಿ ಬಿಳಿ ಹೊಗೆ ಹರಡಿ, ಮೋಡದ ಮೇಲೆ ಕುಣಿದಂತೆ ತೋರಿಸುವುದನ್ನು ನೀವು ನೋಡಿರಬಹುದು. ಡ್ರೈ ಐಸಿಗೆ ಬಿಸಿನೀರು ಹಾಕಿದರೆ ಬರುವ ಹೊಗೆ ಅದು. ಅದಕ್ಕೆ ಬೇರೆ ಜನ ಇದ್ದಾರೆ, ಅವರನ್ನೇ ಕರೆಯೋಣ ಎಂದು ಪ್ರಜ್ವಲ್ ಹೇಳಿದರೆ ಮಾವನಿಗೆ ನಗು: "ಐಸಿನಲ್ಲೇ ಹುಟ್ಟಿದವರು ನಾವು. ಐಸ್ ಒಡೆಯುದನ್ನು ನಮಗೆ ಇನ್ನೊಬ್ಬ ಬಂದು ಕಲಿಸ್ಬೇಕಾ ಮಾರಾಯ?" ಎಲ್ಲಿಂದಲೋ ಒಂದು ಥರ್ಮೋಕೋಲ್ ಪೆಟ್ಟಿಗೆಯ ತುಂಬ ಡ್ರೈ ಐಸ್ ತರಿಸಿದರು. ಅದು ಬಂದ ಮಧ್ಯಾಹ್ನ ತಂಪುಕೋಣೆಯ ನಾಲ್ಕೂ ಮೂಲೆಗೆ ಬಿಸಿನೀರಿನ ಬಾಲ್ದಿ ಇಟ್ಟು ತುಂಡುಗಳನ್ನು ಸುರಿದರು. ಹೊಗೆ ಚೆಲ್ಲಿಹೋಗಬಾರದೆಂದು ಬಾಗಿಲನ್ನು ಭದ್ರವಾಗಿ ಮುಚ್ಚಿದರು. ನಾನು ಹೆಜ್ಜೆಗಳ ವೀಡಿಯೊ ತೆಗೆಯಲೆಂದು ಮೀನಿನ ಕ್ರೇಟುಗಳ ಅಟ್ಟಿಯ ಮೇಲೆ ಹತ್ತಿ ಕುಳಿತಿದ್ದೆ. ಅದೊಂದೇ ಕಾರಣಕ್ಕೆ ನಾನು ಎಲ್ಲವನ್ನೂ ಮೇಲಿನಿಂದ ಕಂಡೆ.

ಕಂಡದ್ದು ಚೆಂದವಾಗಿತ್ತು ಎಂಬುದೇ ಇಂದಿಗೂ ನನ್ನನ್ನು ಕಾಡುವುದು. ಹಾಲು ಉಕ್ಕಿದಂತೆ ಬಿಳುಪು ನೆಲವನ್ನು ತುಂಬಿ, ಮಣೆಯನ್ನು ಮುಚ್ಚಿ, ದೊಡ್ಡಮ್ಮನ ಮಡಿಲಿಗೆ ಏರಿತು. ಪ್ರಜ್ವಲ್ ಹುಡುಗಿಯನ್ನು ತೋಳಿನಲ್ಲಿ ಹಿಂದಕ್ಕೆ ಬಾಗಿಸಿದ. ಅವಳು ಕೆಮ್ಮುತ್ತಾ ಎದ್ದು, "ಮೂಗು ಉರೀತದೆ, ಸೋಡಾ ಕುಡಿದ ಹಾಗೆ," ಎಂದಳು. ಎಲ್ಲರೂ ನಕ್ಕೆವು. "ಬಗ್ಗಿದ್ದು ಸಾಕಾಗ್ಲಿಲ್ಲ, ಇನ್ನೊಮ್ಮೆ," ಎಂದರು ದೊಡ್ಡಮ್ಮ. ಅವರ ಮಾತು ಸ್ವಲ್ಪ ತೊದಲಿದಂತಿತ್ತು. ನನಗೂ ಏದುಸಿರು, ಸೆಕೆಗೆ ಇರಬೇಕು ಎಂದುಕೊಂಡೆ. ಹೊಗೆ ಏರಿ ಏರಿ, ಅದರ ಮೇಲೆ ದೊಡ್ಡಮ್ಮನ ಎರಡು ಕೈಗಳಷ್ಟೇ ತಾಳ ಹಾಕುತ್ತಿದ್ದುದು ನನ್ನ ಫೋನಿನಲ್ಲಿ ಕಾಣುತ್ತಿತ್ತು. ತಾಳ ತಪ್ಪಿತು. ಒಂದು ಕೈ ಇಳಿಯಿತು. ಆಮೇಲೆ ಎರಡೂ ಕಾಣಲಿಲ್ಲ; ಹಾಡು ಮಾತ್ರ ಮುಂದುವರಿದಿತ್ತು.

ನಾನು ಕಿರುಚಿದೆ. ಮಾವ ಬಗ್ಗಿ ಅಕ್ಕನನ್ನು ಎತ್ತಲು ಹೋದವರು ತಾವೇ ಮೊಣಕಾಲೂರಿ ತೂರಾಡಿದರು. ಬಾಗಿಲಿಗೆ ಓಡಿದವಳು ರಕ್ಷಿತಾ. ಭಾರದ ಹಿಡಿಯನ್ನು ಜಗ್ಗಿ ತೆರೆದು, ಯಾವತ್ತಿನಂತೆ ತೆರೆದೇ ಬಿಟ್ಟಳು. ಪ್ರಜ್ವಲ್ ಉಸಿರು ಬಿಗಿಹಿಡಿದು ತಾಯಿಯನ್ನು ಎಳೆದು ಹೊರಗಿನ ಜಗಲಿಗೆ ತಂದ, ಮಾವ ಅಂಬೆಗಾಲಿಟ್ಟು ಹಿಂದೆ ಬಂದರು, ನಾನು ಅಟ್ಟಿಯಿಂದ ಧುಮುಕಿ ಹೊರಗೋಡಿದೆ. ಮಳೆಯ ಇರಚಲು ಮುಖಕ್ಕೆ ಬಡಿಯಿತು. ನಾವು ಕರೆದೆವು, ಕೆನ್ನೆ ತಟ್ಟಿದೆವು. ಎಷ್ಟು ಹೊತ್ತೋ ತಿಳಿಯದು, ಕೊನೆಗೊಮ್ಮೆ ದೊಡ್ಡಮ್ಮ ದೊಡ್ಡದಾಗಿ ಉಸಿರೆಳೆದರು. ಆ ಉಸಿರಿನ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ವೈದ್ಯರು ಸರಳವಾಗಿ ವಿವರಿಸಿದರು. ಆ ಐಸು ಕರಗಿ ನೀರಾಗುವುದಿಲ್ಲ, ಗಾಳಿಗಿಂತ ಭಾರವಾದ, ಉಸಿರುಗಟ್ಟಿಸುವ ಅನಿಲವಾಗಿ ನೆಲಹಿಡಿದು ತುಂಬುತ್ತದೆ. ಮುಚ್ಚಿದ ಕೋಣೆಯಲ್ಲಿ ಕೆಳಗೆ ಕುಳಿತವರು ಮೊದಲು ಅದರಲ್ಲಿ ಮುಳುಗುತ್ತಾರೆ. ಅವರು ಹೇಳಿದ ಮುಳುಗುವುದು ಎಂಬ ಮಾತಿಗೆ ಮಾವ ಗೋಡೆ ಹಿಡಿದುಕೊಂಡರು. ಕಡಲಿನಲ್ಲಿ ಮುಳುಗಿದವರನ್ನು ಕಂಡ ಮನೆತನ ನಮ್ಮದು. ಅಲೆಯ ಬಣ್ಣ ನೋಡಿ ಹೆದರುವುದನ್ನು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ಆದರೆ ಒಣನೆಲದ ಮೇಲೆ, ಚಪ್ಪಾಳೆ ತಟ್ಟುತ್ತಾ, ಹಾಡಿನ ನಡುವೆ ಒಬ್ಬರು ಮುಳುಗಬಹುದು ಎಂಬ ಭಯವನ್ನು ನಮಗೆ ಯಾರು ಕಲಿಸಬೇಕಿತ್ತು? ಗೊತ್ತಿಲ್ಲದ್ದರ ಎದುರು ಮನುಷ್ಯ ಎಚ್ಚರವಾಗಿರುತ್ತಾನೆ. ಗೊತ್ತಿದ್ದುದರ ಹಾಗೇ ಇರುವುದು ಎದುರಾದಾಗ ಅವನ ಕೈಕಾಲು ಹಳೆಯ ಕೆಲಸವನ್ನೇ ಮಾಡಿಬಿಡುತ್ತವೆ. ಹಿಮ್ಮಡಿ ತಾನಾಗಿ ಬಾಗಿಲು ಮುಚ್ಚುತ್ತದೆ.

"ಡ್ಯಾನ್ಸೂ ಬೇಡ, ಎಂತದೂ ಬೇಡ," ಎಂದ ಪ್ರಜ್ವಲ್, ಮಂಚದ ಪಕ್ಕ ನಿಂತು.

ದೊಡ್ಡಮ್ಮ ಮಾಸ್ಕ್ ಸರಿಸಿದರು. "ಮತ್ತೆ ನಾನು ಇಷ್ಟು ದಿನ ಚಪ್ಪಾಳೆ ತಟ್ಟಿದ್ದು ಎಂತಕ್ಕೆ? ಹೊಗೆ ಬೇಡ. ಡ್ಯಾನ್ಸ್ ಉಂಟು."

ರಿಸೆಪ್ಶನ್ನಿನ ಸಂಜೆ ಸಭಾಂಗಣದ ತುಂಬ ಜನ. ಏಸಿ ಹಾಕಿ ಎಲ್ಲ ಬಾಗಿಲು ಮುಚ್ಚಿದ್ದರು. ಹಾಡು ಶುರುವಾಯಿತು. ನೆಲದ ಮೇಲೆ ಏನೂ ಇರಲಿಲ್ಲ, ಆದರೂ ನನ್ನ ಕಣ್ಣು ಅಲ್ಲೇ. ತಲೆ ಎತ್ತಿದರೆ ಮುಂದಿನ ಸಾಲಿನಲ್ಲಿ, ಕುರ್ಚಿಯ ಮೇಲೆ, ದೊಡ್ಡಮ್ಮನೂ ನೆಲವನ್ನೇ ನೋಡುತ್ತಿದ್ದರು. ಅವರು ಎದ್ದರು. ಪಟ್ಟೆಸೀರೆಯ ಸೆರಗು ಸಿಕ್ಕಿಸಿಕೊಂಡು ಬಾಗಿಲ ಬಳಿಯಿದ್ದ ಸಭಾಂಗಣದ ಕೆಲಸದ ಹುಡುಗನ ಹತ್ತಿರ ಹೋಗಿ, "ತೆಗೆದಿಡು," ಎಂದರು.

"ಏಸಿ ಹಾಕಿದ್ದಲ್ವಾ ಅಮ್ಮ, ತಂಪೆಲ್ಲ ಹೊರಗೆ ಹೋಗ್ತದೆ."

"ಹೋಗ್ಲಿ ಮಾರಾಯ," ಎಂದರು ದೊಡ್ಡಮ್ಮ. "ತಂಪು ಹೋಗ್ಲಿ."

ಜೀವಮಾನವೆಲ್ಲ ತಂಪನ್ನು ಕಾದ ಹೆಂಗಸು, ಎರಡೂ ಕದಗಳನ್ನು ತಾವೇ ಅಗಲಕ್ಕೆ ದೂಡಿ, ಅಲ್ಲೇ ನಿಂತು ಚಪ್ಪಾಳೆ ತಟ್ಟಿದರು. ಹುಡುಗ ಹುಡುಗಿ ಎರಡು ಕಡೆ ಹೆಜ್ಜೆ ತಪ್ಪಿದರು. ತಾಳ ತಪ್ಪಲಿಲ್ಲ.

ಮದುವೆಯಾದ ಮೇಲೆ ಜೋಡಿಯನ್ನು ಊಟಕ್ಕೆ ಕರೆದಾಗ ದೊಡ್ಡಮ್ಮನೂ ನಮ್ಮ ಮನೆಗೆ ಬಂದಿದ್ದರು. ಗುಂಡುಕಲ್ಲು ನೋಡಿದರು, ಎಂತಕ್ಕೆಂದು ಕೇಳಲಿಲ್ಲ. ಬಾಗಿಲು ಮುಚ್ಚಿಯೇ ಅಭ್ಯಾಸವಾದ ಆ ಹಿಮ್ಮಡಿಯಿಂದ ಕಲ್ಲನ್ನು ಇನ್ನಷ್ಟು ಒಳಕ್ಕೆ ಒತ್ತಿ, ಅದು ಅಲುಗದೆಂದು ನೋಡಿಕೊಂಡು, "ಒಂದು ಮಣೆ ಕೊಡು ಮಗಾ," ಎಂದರು. ಕುರ್ಚಿಗಳು ಖಾಲಿ ಇದ್ದವು. ತೆರೆದ ಬಾಗಿಲಿನ ಎದುರಿಗೆ ನೆಲದ ಮೇಲೆ ಕುಳಿತು ಬೂತಾಯಿ ಮೀನಿನ ಗಸಿಯಲ್ಲಿ ಅನ್ನ ಕಲಸಿದರು.