ಅಡುಗೆಮನೆ ಹಿಂದಿನ ಗಂಡು ಗಿಡ

ಮಾಲಿವಾನ್‌ಗೆ ಕೆಲಸ ಸಿಕ್ಕಿದ್ದು ಅವಳ ಅಪ್ಪ ಒಂದು ಕಾಲಕ್ಕೆ ಜೈಲು ಕಂಡು ಬಂದಿದ್ದ ಕಾರಣಕ್ಕೆ. ಹೀಗೆಂದರೆ ಯಾರೂ ನಂಬುವುದಿಲ್ಲ, ಆದರೆ ನಡೆದದ್ದು ಹಾಗೆಯೇ. ಗಾಂಜಾವನ್ನು ಅಪರಾಧದ ಪಟ್ಟಿಯಿಂದ ತೆಗೆದ ವರ್ಷ, ನಮ್ಮೂರಿಗೆ ಆರು ಕಿಲೋಮೀಟರ್ ದೂರದ ಹಳೇ ಕಬ್ಬಿನ ಹೊಲದಲ್ಲಿ ಒಂದು ಕಂಪನಿ ಮೂರು ಹಸಿರುಮನೆ ಕಟ್ಟಿಸಿ ಆಳುಗಳನ್ನು ಕರೆಯಿತು. ಅರ್ಜಿ ಹಿಡಿದು ಹೋದವರು ಇನ್ನೂರು ಜನ. ಬ್ಯಾಂಕಾಕ್‌ನಿಂದ ಬಂದಿದ್ದ ಮೇನೇಜರ್ ವರವಿತ್ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು, ಈ ಗಿಡದ ಬಗ್ಗೆ ನಿಮಗೇನು ಗೊತ್ತು ಎಂದು ಕೇಳುತ್ತಿದ್ದ. ಬಂದವರೆಲ್ಲ ಕೈ ಮುಗಿದು, ನಮಗೇನೂ ಗೊತ್ತಿಲ್ಲ ಎಂದರು. ಹಳೆಯ ಹೆದರಿಕೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಮಾಲಿವಾನ್ ಮಾತ್ರ, ನಮ್ಮಪ್ಪ ಇದೇ ಗಿಡಕ್ಕಾಗಿ ಎರಡು ವರ್ಷ ಒಳಗಿದ್ದ ಎಂದುಬಿಟ್ಟಳು. ವರವಿತ್ ನಕ್ಕು, ಅವಳ ಹೆಸರಿನ ಮುಂದೆ ಗುರುತು ಹಾಕಿಕೊಂಡ.

ಅವಳಿಗೆ ಮೂವತ್ತೆಂಟು. ಹದಿನಾಲ್ಕು ವರ್ಷ ದೂರದ ಪಟ್ಟಣ ರಯೋಂಗ್‌ನ ಕಾರ್ಖಾನೆಯಲ್ಲಿ ಕಾರಿನ ಸೀಟು ಹೊಲಿದಿದ್ದಳು. ಅಲ್ಲಿ ಅವಳಿಗೆ ಹೆಸರೇ ಇರಲಿಲ್ಲ, ಗುತ್ತಿಗೆದಾರ ಕೊಟ್ಟ ಒಂದು ನಂಬರ್ ಇತ್ತು. ಗಂಡ ಅಲ್ಲೇ ಇನ್ನೊಬ್ಬಳ ಜೊತೆ ನಿಂತ. ಬರಿಗೈಯಲ್ಲಿ ವಾಪಸ್ಸು ಬಂದವಳಿಗೆ ಊರಲ್ಲಿ ಯಾರೂ ಏನೂ ಕೇಳಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಈಗ ಕಂಪನಿ ಹೇಳಿದ್ದು ಇಷ್ಟು: ಆರು ತಿಂಗಳು ಪರೀಕ್ಷೆಯ ಕೆಲಸ, ಆಮೇಲೆ ಯೋಗ್ಯರಾದವರಿಗೆ ಫೋಟೋ ಅಂಟಿಸಿದ, ಹೆಸರು ಬರೆದ ಕಾರ್ಡ್. ಆ ಕಾರ್ಡ್ ಇದ್ದವರು ಖಾಯಂ. ಇಲ್ಲದವರಿಗೆ ಮತ್ತೆ ರಯೋಂಗ್ ಬಸ್ಸೇ ಗತಿ. ಮಾಲಿವಾನ್ ಆ ಕಾರ್ಡನ್ನು ಕನಸಿನಲ್ಲೂ ಕುತ್ತಿಗೆಗೆ ಹಾಕಿಕೊಂಡು ಓಡಾಡಿದಳು.

ಕೆಲಸವೆಂದರೆ ಗಂಡು ಗಿಡ ಹಿಡಿಯುವುದು. ಹೂ ಬಿಡುವ ಹೊತ್ತಿಗೆ ಹೆಣ್ಣು ಗಿಡದ ಗೆಣ್ಣಿನಲ್ಲಿ ಎರಡು ಬಿಳಿ ಎಳೆ ಇಣುಕುತ್ತವೆ, ಗಂಡು ಗಿಡದಲ್ಲಿ ಮೆಣಸಿನ ಕಾಳಿನಂಥ ಹಸಿರು ಮೊಗ್ಗು. ಆ ಮೊಗ್ಗು ಒಡೆದು ಹಳದಿ ಪುಡಿ ಹಾರಿತೋ, ಸುತ್ತಲಿನ ಹೆಣ್ಣು ಗಿಡಗಳೆಲ್ಲ ಬೀಜ ಕಟ್ಟುತ್ತವೆ. ಬೀಜ ಕಟ್ಟಿದ ಹೂವನ್ನು ಯಾರೂ ಕೊಳ್ಳುವುದಿಲ್ಲ, ಹೂವಿಲ್ಲದೆ ಕಂಪನಿಯಿಲ್ಲ. ಸಾವಿರ ಗಿಡದಲ್ಲಿ ಒಂದು ಗಂಡು ತಪ್ಪಿಸಿಕೊಂಡರೂ ಮುಗಿಯಿತು ಕಥೆ. ಮಾಲಿವಾನ್ ಕಣ್ಣಿಗೆ ಒಂದೂ ತಪ್ಪಿಸಿಕೊಳ್ಳಲಿಲ್ಲ. ಮೊಗ್ಗು ಸಾಸಿವೆಯಷ್ಟು ಇರುವಾಗಲೇ ಗುರುತಿಸಿ, ಗಿಡಕ್ಕೆ ಚೀಲ ಮುಚ್ಚಿ, ಹೊರಗೆ ಒಯ್ದು ಸುಡುತ್ತಿದ್ದಳು. ಎರಡನೆಯ ತಿಂಗಳಿಗೇ ವರವಿತ್ ಉಳಿದವರಿಗೆ ಅವಳನ್ನು ತೋರಿಸಿ, ಇವರಿಂದ ಕಲೀರಿ ಎನ್ನತೊಡಗಿದ. ಯಾರಾದರೂ ತನ್ನಿಂದ ಕಲಿಯುವಂಥದ್ದು ಇದೆ ಎಂದು ಅವಳು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.

ಮನೆಯಲ್ಲಿ ಅವಳ ಅಪ್ಪ ಖಾಮ್‌ಸಿಂಗ್. ಗಾಂಜಾ ಎಲೆಯಿಂದ ನಾಟಿ ಮದ್ದು ಮಾಡಿಕೊಡುತ್ತಿದ್ದ ಮನುಷ್ಯ. ನಿದ್ದೆ ಬಾರದವರು, ಊಟ ಸೇರದವರು, ಬಾಣಂತಿಯರು ಅವನ ಜಗಲಿಗೆ ಬರುತ್ತಿದ್ದ ಕಾಲವೊಂದಿತ್ತು. ಮಾಲಿವಾನ್‌ಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಪೊಲೀಸ್ ಜೀಪು ಬಂತು. ಹಿತ್ತಲಲ್ಲಿದ್ದ ಏಳು ಗಿಡ ಕಿತ್ತು ಜೀಪಿಗೆ ಹಾಕಿದರು. ಖಾಮ್‌ಸಿಂಗ್ ಬೇಡಿಕೊಳ್ಳಲಿಲ್ಲ, ಜಗಳವಾಡಲಿಲ್ಲ. ಮೈಮೇಲೆ ಹರಿದ ಅಂಗಿ ಇದೆ, ಬದಲಾಯಿಸಿಕೊಂಡು ಬರಲಾ ಎಂದು ಕೇಳಿದ ಅಷ್ಟೆ. ಬೇಡ ಎಂದರು. ಆಗ ಒಳಗೆ ಓಡಿ, ದೇವಸ್ಥಾನಕ್ಕೆ ಹೋಗುವಾಗ ಅವನು ತೊಡುತ್ತಿದ್ದ ಬಿಳಿ ಅಂಗಿ ತಂದುಕೊಟ್ಟವಳು ಮಾಲಿವಾನ್. ಎರಡು ವರ್ಷದ ಮೇಲೆ ಬಂದವನು ಮತ್ತೆ ಯಾರಿಗೂ ಮದ್ದು ಕೊಡಲಿಲ್ಲ. ಆ ಮನೆಯಲ್ಲಿ ಗಿಡದ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ.

ಕಾನೂನು ಬದಲಾದಾಗ ಎಪ್ಪತ್ತಾರರ ಮುದುಕ ಮೂರು ದಿನ ರೇಡಿಯೋದ ಮುಂದೆಯೇ ಕುಳಿತಿದ್ದ. ನಾಲ್ಕನೆಯ ದಿನ ಎಲ್ಲಿಂದಲೋ ಒಂದು ಬೀಜ ತಂದು ಅಡುಗೆಮನೆಯ ಹಿಂದೆ, ನೀರಿನ ಹಂಡೆಯ ಪಕ್ಕ ಊರಿದ. ಕಾನೂನು ಬಿಟ್ಟರೂ ಭಯ ಬಿಡಬೇಕಲ್ಲ! ಸುತ್ತ ಗೋಣಿಚೀಲ ಕಟ್ಟಿ ಮರೆಮಾಡಿದ. ಗಿಡ ಎದೆಯೆತ್ತರ ಬಂದಿದ್ದು ಊರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಸಂಜೆ ಮಣೆ ಹಾಕಿಕೊಂಡು ಅದರ ಪಕ್ಕ ಕೂರುತ್ತಿದ್ದ. ನಾಲ್ಕು ಎಲೆ ಕಿತ್ತು ಕೋಳಿ ಸಾರಿಗೆ ಹಾಕಿಸಿ, ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಜೈಲಿನಿಂದ ಬಂದ ಮೇಲೆ ಅಪ್ಪ ಹೀಗೆ ಉಂಡದ್ದನ್ನು ಮಾಲಿವಾನ್ ನೋಡಿಯೇ ಇರಲಿಲ್ಲ.

ಕೆಲಸ ಸೇರಿದ ನಾಲ್ಕನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಎಲೆ ಕೀಳಲು ಹೋದವಳಿಗೆ ಗೆಣ್ಣಿನಲ್ಲಿ ಮೊಗ್ಗು ಕಂಡಿತು. ಅವಳ ಕಣ್ಣಿಗೆ ಎರಡನೆಯ ಸಲ ನೋಡುವುದೇ ಬೇಕಿರಲಿಲ್ಲ. ಗಂಡು.

"ಅಪ್ಪಾ, ಇದು ಗಂಡು ಗಿಡ. ಕಿತ್ತಾಕಿ ಬೇರೆ ಹಾಕೋಣ."

"ಎಲೆಗೆ ಗಂಡು ಹೆಣ್ಣು ಅಂತ ಇರುತ್ತಾ? ಮದ್ದಿಗೆ ಎಲೆ ಸಾಕು," ಎಂದ ಮುದುಕ. ಆಮೇಲೆ ಅವಳ ಮುಖ ನೋಡಿ, ದನಿ ತಗ್ಗಿಸಿ ಹೇಳಿದ: "ಇನ್ನೊಂದ್ಸಲ ಕೀಳೋದನ್ನ ನಾನು ನೋಡಲಾರೆ ಮಗಳೇ."

ಅಷ್ಟು ಕೇಳಿದ ಮೇಲೆ ಯಾವ ಮಗಳಿಗೆ ಕೈ ಬಂದೀತು? ಆರು ಕಿಲೋಮೀಟರ್ ದೂರ, ಗಾಳಿ ಅಲ್ಲಿಗೆಲ್ಲಿ ಹೋದೀತು ಎಂದು ತನಗೆ ತಾನೇ ಹೇಳಿಕೊಂಡಳು. ಹೇಗೂ ಒಳಗೆ ಹೋಗುವ ಮೊದಲು ಕಂಪನಿಯ ಗೇಟಿನಲ್ಲಿ ಸ್ನಾನವಿತ್ತು, ಕಂಪನಿಯ ಬಿಳಿ ಬಟ್ಟೆ ಇತ್ತು, ತಲೆಗೆ ಟೋಪಿ, ಕಾಲಿಗೆ ಬೇರೆ ಚಪ್ಪಲಿ ಇತ್ತು. ಮನೆಯ ಒಂದು ದಾರವೂ ಒಳಗೆ ಹೋಗುತ್ತಿರಲಿಲ್ಲ.

ಅನ್ನದ ಬುಟ್ಟಿ ಹೋಗುತ್ತಿತ್ತು. ಅಂಟು ಅಕ್ಕಿಯ ಅನ್ನವನ್ನು ನಮ್ಮ ಕಡೆ ಬಿದಿರಿನ ಮುಚ್ಚಳದ ಬುಟ್ಟಿಯಲ್ಲಿ ಒಯ್ಯುವುದು. ಕಬ್ಬಿಣದ ಡಬ್ಬಿಗೆ ಹಾಕಿದರೆ ಬೆವೆತು ಹಳಸುತ್ತದೆ. ಬುಟ್ಟಿಗಳನ್ನು ಹೊರಗಿನ ಶೆಡ್ಡಿನಲ್ಲೇ ಇಡಬೇಕೆಂದು ನಿಯಮವಿತ್ತು. ಆದರೆ ಶೆಡ್ಡಿನ ತುಂಬ ಕೆಂಪಿರುವೆ. ಹಾಗಾಗಿ ಹೆಂಗಸರೆಲ್ಲ ಬುಟ್ಟಿಗಳನ್ನು ಎರಡನೇ ಹಸಿರುಮನೆಯ ಒಳಬಾಗಿಲ ಹತ್ತಿರ, ದೊಡ್ಡ ಫ್ಯಾನಿನ ಮಗ್ಗುಲಿನ ಹಗ್ಗಕ್ಕೆ ಸಾಲಾಗಿ ತೂಗುಹಾಕುತ್ತಿದ್ದರು. ವರವಿತ್ ನೋಡಿಯೂ ನೋಡದಂತಿದ್ದ. ಅನ್ನದ ಬುಟ್ಟಿಯನ್ನು ಯಾರಾದರೂ ಕೊಳೆ ಎಂದುಕೊಳ್ಳುತ್ತಾರೆಯೇ? ಇತ್ತ ಮನೆಯಲ್ಲಿ ಮಾಲಿವಾನ್ ತೊಳೆದ ಬುಟ್ಟಿಯನ್ನು ಒಣಗಲು ಅಡುಗೆಮನೆ ಹಿಂದಿನ ಕಂಬಕ್ಕೆ ಸಿಕ್ಕಿಸುತ್ತಿದ್ದಳು. ಅವಳ ತಾಯಿ ಇದ್ದಾಗಲೂ ಬುಟ್ಟಿಯ ಜಾಗ ಅದೇ ಕಂಬ. ಗೋಣಿಯ ಮರೆಯೊಳಗೆ, ಗಿಡದ ತುದಿ ಬಂದು ಮುಟ್ಟುತ್ತಿದ್ದ ಕಂಬ.

ಆ ಸಾಲಿನಲ್ಲಿ ಅವಳ ಬುಟ್ಟಿಯ ಪಕ್ಕದ್ದು ಪಿಕುನ್‌ಳದು. ಗಿಡಗಳಿಗೆ ನೀರು ಹಾಯಿಸುತ್ತಿದ್ದ, ಆಚೆಯೂರಿನ ಇಪ್ಪತ್ತಾರರ ಹುಡುಗಿ. ಮಾಲಿವಾನ್‌ಳ ಬುಟ್ಟಿಗೆ ಕೈ ಹಾಕಿ ಅನ್ನ ತಿನ್ನುವುದು, ತಾನು ಖಾರ ಹಾಕಿ ಕುಟ್ಟಿ ತಂದ ಪರಂಗಿಕಾಯಿಯನ್ನು ಅವಳ ಊಟದೆಲೆಗೆ ಸುರಿಯುವುದು, ರಯೋಂಗ್‌ನಲ್ಲಿ ಬಿಟ್ಟುಬಂದೆಯಲ್ಲ ಆ ಗಂಡನಿಗೂ ಚೀಲ ಮುಚ್ಚಿ ಸುಡಬೇಕಿತ್ತು ಕಣಕ್ಕ ಎಂದು ನಗಿಸುವುದು ಅವಳ ದಿನಚರಿ. ಪಿಕುನ್ ಅತ್ತೆ ಹಿತ್ತಲಲ್ಲಿ ಒಂದು ಗಿಡ ಹಾಕಿದ್ದಳು. ಕೆಲಸಕ್ಕೆ ಕುತ್ತು ಬರಬಾರದೆಂದು ಪಿಕುನ್ ಒಂದು ರಜೆಯ ದಿನ ಮಾಲಿವಾನ್‌ಳನ್ನು ಊಟಕ್ಕೆ ಕರೆದು, ಗಿಡ ತೋರಿಸಿ ಕೇಳಿದಳು. ಗಂಡಾಗಿದ್ದರೆ ಈಗಲೇ ಕೀಳ್ತೀನಿ ಅಂದಳು. ಮಾಲಿವಾನ್ ಬಗ್ಗಿ, ಗೆಣ್ಣು ಗೆಣ್ಣು ನೋಡಿ, ಅಪ್ಪಟ ಹೆಣ್ಣು, ಹೆದರಬೇಡ ಎಂದಳು. ಮುಂದಿನ ವಾರ ಪಿಕುನ್ ಮನೆಯವರು ಊರಿಗೆ ಹಾಕಿಸಿದ ಪುಣ್ಯದೂಟಕ್ಕೆ ಆ ಗಿಡ ಪೂರ್ತಿ ಸಾರಿನ ಪಾತ್ರೆ ಸೇರಿತು.

ಆರನೆಯ ತಿಂಗಳ ನಡುವಿನಲ್ಲಿ ವರವಿತ್ ಒಂದು ಹೂಗೊಂಚಲನ್ನು ಬೆರಳಲ್ಲಿ ಹಿಸುಕಿದ. ಬೀಜ. ಪಕ್ಕದ್ದರಲ್ಲಿ ಬೀಜ. ಇಡೀ ಎರಡನೇ ಹಸಿರುಮನೆ, ಎಂಟುನೂರು ಗಿಡ, ಎಲ್ಲ ಬೀಜ. ಗಂಡು ಗಿಡ ಒಳಗೆ ಒಂದೂ ಸಿಗಲಿಲ್ಲ. ಹಾಗಾದರೆ ಪುಡಿ ಹೊರಗಿನಿಂದಲೇ ಬಂದಿರಬೇಕು. ಅವನು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಮೇಜಿನ ಮೇಲೆ ಕರಿಯ ಕಾಗದ ಹಾಸಿ, ಮೊದಲು ಟೋಪಿ, ಆಮೇಲೆ ಚಪ್ಪಲಿ, ಕೊನೆಗೆ ಬುಟ್ಟಿಗಳನ್ನು ಒಂದೊಂದಾಗಿ ಬಡಿದ. ಮಾಲಿವಾನ್‌ಳ ಬುಟ್ಟಿಯ ಹೆಣಿಗೆಯಿಂದ ಹಳದಿ ಪುಡಿ ಉದುರಿತು. ಪಿಕುನ್‌ಳದರಿಂದಲೂ ಉದುರಿತು. ಆಚೀಚೆಯ ಇನ್ನೆರಡರಿಂದಲೂ ಚೂರುಚೂರು. ಒಂದಕ್ಕೊಂದು ತಾಕಿಕೊಂಡು ತೂಗುತ್ತಿದ್ದ ಬುಟ್ಟಿಗಳಲ್ಲವೇ, ಮೊದಲು ಯಾರದ್ದೆಂದು ದೇವರೇ ಹೇಳಬೇಕು. ಮಾಲಿವಾನ್‌ಗೆ ಮಾತ್ರ ಆ ಕಂಬ ಕಣ್ಣಿಗೆ ಕಟ್ಟಿತು.

ಯಾರ ಮನೆಯಲ್ಲಿ ಗಿಡವಿದೆ ಎಂದು ವರವಿತ್ ಕೇಳಿದ. ಅವನು ಮಾಲಿವಾನ್ ಕಡೆ ತಿರುಗಿ, ನಿಮ್ಮಪ್ಪ ಏನಾದರೂ ಬೆಳೆಸಿದ್ದಾರಾ ಎಂದ.

"ಜೈಲಿಂದ ಬಂದ್ಮೇಲೆ ನಮ್ಮಪ್ಪ ಆ ಗಿಡದ ಹೆಸರೂ ಎತ್ತಲ್ಲ, ಸಾಹೇಬ್ರೇ," ಎಂದಳು ಅವಳು. ಮಾತು ತಾನಾಗಿ ಬಂದಿತ್ತು. ಇಪ್ಪತ್ತೇಳು ವರ್ಷ ಅದು ನಿಜವೇ ಆಗಿತ್ತಲ್ಲ.

ಪಿಕುನ್ ಮುಂದೆ ಬಂದಳು. ಸುಳ್ಳು ಹೇಳಲು ಬಾರದ ಪೆದ್ದು ಹುಡುಗಿ. "ನಮ್ಮನೇಲಿ ಒಂದಿತ್ತು. ಆದ್ರೆ ಅದು ಹೆಣ್ಣು. ಅಕ್ಕನೇ ಬಂದು ನೋಡಿ ಹೇಳಿದ್ದು. ಹೇಳಕ್ಕ."

ಎಲ್ಲರ ಕಣ್ಣೂ ಮಾಲಿವಾನ್ ಮೇಲೆ ಬಿದ್ದವು. ಹೌದು ಎಂದರೆ ಪಿಕುನ್ ಉಳಿಯುತ್ತಾಳೆ, ಹುಡುಕಾಟ ಮುಂದುವರಿಯುತ್ತದೆ, ನಾಳೆಯೋ ನಾಡಿದ್ದೋ ಯಾರಾದರೂ ಆ ಗೋಣಿಚೀಲ ಎತ್ತಿ ನೋಡುತ್ತಾರೆ. ಕಾರ್ಡಿಗೆ ಇನ್ನು ಹದಿನೆಂಟು ದಿನವಿತ್ತು.

"ಅವರ ಮನೇಲಿ ಊಟ ಮಾಡಿದ್ದು ನಿಜ," ಎಂದಳು. "ಗಿಡ ನಾನು ನೋಡಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪಿಕುನ್ ಅಳಲಿಲ್ಲ, ಶಪಿಸಲೂ ಇಲ್ಲ. ಶಪಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ವರವಿತ್ ಕಡೆ ನೋಡಿ, "ಆವತ್ತು ಅಕ್ಕಂಗೆ ತಲೆನೋವಿತ್ತು. ಮರ್ತಿರ್ಬೇಕು," ಎಂದಳು.

ಪಿಕುನ್ ಅವತ್ತೇ ಕೆಲಸ ಕಳೆದುಕೊಂಡು ಮನೆಗೆ ಹೋದಳು. ಎರಡನೇ ಮನೆಯ ಗಿಡಗಳನ್ನೂ ಬುಟ್ಟಿಗಳನ್ನೂ ಹಿಂದಿನ ಗುಂಡಿಯಲ್ಲಿ ಹಾಕಿ ಸುಟ್ಟರು. ಮೂವತ್ತು ಜನರಲ್ಲಿ ಹನ್ನೆರಡು ಮಂದಿಯನ್ನಷ್ಟೇ ಉಳಿಸಿಕೊಂಡು, ಉಳಿದ ಹದಿನೆಂಟು ದಿನ ಕಾಯದೆ ಆ ಸಂಜೆಯೇ ಕಾರ್ಡು ಕೊಟ್ಟರು. ಮೊದಲು ಕರೆದದ್ದು ಮಾಲಿವಾನ್ ಹೆಸರು. ಫೋಟೋ ಚೆನ್ನಾಗಿ ಬಂದಿತ್ತು. ಕೊಡುವಾಗ ವರವಿತ್, ನಿಮ್ಮ ಕಣ್ಣಿನ ಮೇಲೆ ನನಗೆ ನಂಬಿಕೆ ಎಂದ.

ಮನೆಗೆ ಬಂದವಳು ಕೈಕಾಲು ತೊಳೆಯಲಿಲ್ಲ. ನೇರ ಅಡುಗೆಮನೆ ಹಿಂದೆ ಹೋಗಿ, ಗೋಣಿಚೀಲ ಕಿತ್ತೆಸೆದು, ಗಿಡದ ಬುಡಕ್ಕೆ ಎರಡೂ ಕೈ ಹಾಕಿದಳು. ಬೇರು ಗಟ್ಟಿಯಾಗಿತ್ತು. ಜಗ್ಗಿದಂತೆಲ್ಲ ಹಳದಿ ಪುಡಿ ಅವಳ ತಲೆಯ ಮೇಲೆ, ಕಾರ್ಡಿನ ಮೇಲೆ ಸುರಿಯಿತು. ಸದ್ದು ಕೇಳಿ ಖಾಮ್‌ಸಿಂಗ್ ಗೋಡೆ ಹಿಡಿದುಕೊಂಡು ಬಂದ. ಬಂದವನು ಕಿತ್ತ ಗಿಡ ನೋಡಿದ, ಅವಳ ಕುತ್ತಿಗೆಯಲ್ಲಿ ತೂಗುತ್ತಿದ್ದ ಹೊಸ ಕಾರ್ಡ್ ನೋಡಿದ.

"ಕಾನೂನು ಮತ್ತೆ ಬದಲಾಯ್ತಾ, ಮಗಳೇ?"

ಇಲ್ಲ ಎನ್ನಬೇಕೆಂದರೆ ಎಲ್ಲವನ್ನೂ ಹೇಳಬೇಕಿತ್ತು. ಬುಟ್ಟಿಯ ವಿಷಯ, ಪಿಕುನ್ ವಿಷಯ, ಅವನ ಜೈಲನ್ನೇ ಅಡ್ಡ ಹಿಡಿದು ತಾನು ಆಡಿದ ಸುಳ್ಳಿನ ವಿಷಯ.

"ಹೂಂ," ಎಂದಳು.

ಮುದುಕ ತಲೆಯಾಡಿಸಿದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಮಡಕೆಯಿಂದ ಒಂದು ಲೋಟ ನೀರು ಕುಡಿದು, ಮುಂಬಾಗಿಲಿಗೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕುಳಿತ. ಅಲ್ಲಿಂದಲೇ, ಕೂಗದೆ, ಮೆಲ್ಲಗೆ ಕರೆದ.

"ಜೀಪು ಬರೋದ್ರೊಳಗೆ ಆ ಬಿಳಿ ಅಂಗಿ ತಂದ್ಕೊಡವ್ವ."

ಅವಳು ಒಳಗೆ ಹೋಗಿ ಪೆಟ್ಟಿಗೆ ತೆರೆದಳು. ಅಂಗಿ ತಂದುಕೊಟ್ಟಳು.